ಮುಗಿಯುವುದು ಯಾವಾಗ ಎಂದು ಕೇಳಿ: ಕರ್ನಾಟಕದ ಸಂಸದರಿಗೆ ಬಹಿರಂಗ ಪತ್ರ

ಕರ್ನಾಟಕದಿಂದ ಲೋಕಸಭೆಗೆ ಆಯ್ಕೆಯಾದ 28 ಹಾಗೂ ರಾಜ್ಯಸಭೆಗೆ ಆಯ್ಕೆಯಾದ 12 ಸದಸ್ಯರಿಗೆ,

ಮಾನ್ಯರೇ,

ಸೇನೆಯ ವೈದ್ಯಕೀಯ ದಳಕ್ಕೆ ನರ್ಸಿಂಗ್ ಅಸಿಸ್ಟೆಂಟ್ ಆಗಿ ಸೇರಿ, ಹವಾಲ್ದಾರನಾಗಿ ನಿವೃತ್ತನಾದವನು ನಾನು. ಈಗ ಅರಕಲಗೂಡು ತಾಲ್ಲೂಕಿನ ನನ್ನ ಊರಿನಲ್ಲಿ ಹೊಲ ಮನೆ ನೋಡಿಕೊಂಡಿದ್ದೇನೆ. ನಿಮ್ಮಲ್ಲಿ ದೆಹಲಿಯಲ್ಲಿ ಆಳುವ ಪಕ್ಷದವರಿದ್ದೀರಿ, ವಿರೋಧ ಪಕ್ಷದವರೂ ಇದ್ದೀರಿ. ಈ ಪತ್ರ ನಲವತ್ತು ಜನರಿಗೂ ಸೇರಿದ್ದು. ದಯವಿಟ್ಟು ಪೂರ್ತಿ ಓದಿ.

2025ರ ಏಪ್ರಿಲ್ 22ರಂದು ಕಾಶ್ಮೀರದ ಪಹಲ್ಗಾಮ್ ಮೇಲಿನ ಬೈಸರನ್ ಹುಲ್ಲುಗಾವಲಿನಲ್ಲಿ ಉಗ್ರರು 26 ಜನರನ್ನು ಕೊಂದರು. ಹೆಂಡತಿ ಮಕ್ಕಳ ಕಣ್ಣೆದುರಿಗೇ ಗಂಡಸರನ್ನು ಗುಂಡಿಟ್ಟು ಕೊಂದರು. ಪ್ರವಾಸಿಗರನ್ನು ಕುದುರೆಯ ಮೇಲೆ ಕರೆದೊಯ್ಯುತ್ತಿದ್ದ ಅಲ್ಲಿಯ ಒಬ್ಬ ಮುಸ್ಲಿಂ ಯುವಕನೂ ಸತ್ತ. ಶಿವಮೊಗ್ಗಕ್ಕೂ ಬೆಂಗಳೂರಿಗೂ ಶವಪೆಟ್ಟಿಗೆಗಳು ಬಂದವು. ಮುಂದಿನ ಎರಡು ವಾರ ನಮ್ಮೂರಿನ ಹೋಟೆಲಿನಲ್ಲಿ, ಹಾಲಿನ ಡೇರಿಯ ಮುಂದೆ ಇದ್ದದ್ದು ಒಂದೇ ಮಾತು. ಸೈನ್ಯದಲ್ಲಿದ್ದವನೆಂದು ಎಲ್ಲರೂ ನನ್ನನ್ನೇ ಕೇಳುತ್ತಿದ್ದರು: ಹೊಡೆಯಬೇಕೋ ಬೇಡವೋ, ನೀವೇ ಹೇಳಿ.

ನನ್ನ ಉತ್ತರವನ್ನು ನಿಮ್ಮ ಮುಂದೆಯೂ ಹೇಳುತ್ತೇನೆ. ಹೊಡೆಯಲೇಬೇಕಾದ ಸಂದರ್ಭಗಳಿವೆ. ನಿರಾಯುಧರನ್ನು ಸಾಲಾಗಿ ನಿಲ್ಲಿಸಿ ಕೊಲ್ಲುವವರಿಗೆ ತರಬೇತಿ, ಹಣ, ಅಡಗುದಾಣ ಕೊಡುವವರು ಗಡಿಯಾಚೆ ನಿಶ್ಚಿಂತೆಯಿಂದ ಇರುವಾಗ, ತನ್ನ ಜನರನ್ನು ಕಾಯಲು ದೇಶವೊಂದು ಸೈನ್ಯ ಬಳಸುವುದು ತಪ್ಪೆಂದು ನಾನು ಹೇಳಲಾರೆ. 26/11ರ ಮುಂಬೈ ದಾಳಿಯ ನಂತರ ನಾವು ಸೈನ್ಯ ಕಳಿಸದೆ ಸಾಕ್ಷ್ಯ ಕಳಿಸಿದೆವು. ಅದರ ಫಲ ಏನೆಂದು ಮುಂಬೈಯಲ್ಲಿ ಮನೆಯವರನ್ನು ಕಳೆದುಕೊಂಡವರಿಗೆ ಗೊತ್ತು. ಆದರೆ ಹೋಟೆಲಿನಲ್ಲಿ ಕೇಳುವ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದರೆ ಸಾಕು. ಸಂಸತ್ತಿನಲ್ಲಿ ಕೂತ ನಿಮಗೆ ಅಷ್ಟು ಸಾಲದು. ಯಾರನ್ನು ಹೊಡೆಯುತ್ತಿದ್ದೇವೆ, ಏನಾದರೆ ಕೆಲಸ ಮುಗಿದಂತೆ, ಮುಗಿಯದಿದ್ದರೆ ಯಾರು ಲೆಕ್ಕ ಕೊಡುತ್ತಾರೆ ಎಂದು ನೀವು ಕೇಳಬೇಕು. ಈ ಮೂರನ್ನು ಯಾರೂ ಗಟ್ಟಿಯಾಗಿ ಕೇಳದಿದ್ದರೆ ಏನಾಗುತ್ತದೆ ಎಂಬುದನ್ನು ನಾನು ಶ್ರೀಲಂಕಾದಲ್ಲಿ ನೋಡಿದ್ದೇನೆ.

ನಿಮ್ಮಲ್ಲಿ ಕೆಲವರು ಆಗ ಶಾಲೆಯಲ್ಲಿದ್ದಿರಿ, ಕೆಲವರು ಹುಟ್ಟಿರಲೂ ಇಲ್ಲ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳಲು ಅಪ್ಪಣೆ ಕೊಡಿ.

1987ರ ಜೂನ್ 4ರಂದು ನಮ್ಮ ವಾಯುಪಡೆಯ ಐದು ಎಎನ್-32 ವಿಮಾನಗಳು ಬೆಂಗಳೂರಿನಿಂದ ಹೊರಟು, ಶ್ರೀಲಂಕಾ ಸೇನೆ ಮುತ್ತಿದ್ದ ಜಾಫ್ನಾದ ಮೇಲೆ ಆಹಾರದ ಮೂಟೆಗಳನ್ನು ಇಳಿಸಿದವು. ಜುಲೈ 29ರಂದು ಕೊಲಂಬೊದಲ್ಲಿ ರಾಜೀವ್ ಗಾಂಧಿ ಮತ್ತು ಅಧ್ಯಕ್ಷ ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದರು. ಮರುದಿನವೇ ನಮ್ಮ ಸೈನ್ಯ ಶ್ರೀಲಂಕಾದಲ್ಲಿ ಇಳಿಯಿತು. ಹೆಸರು ಶಾಂತಿಪಾಲನಾ ಪಡೆ. ಅಲ್ಲಿಯ ಸರ್ಕಾರದ ವಿರುದ್ಧ ಬಂದೂಕು ಹಿಡಿದ ತಮಿಳು ಸಂಘಟನೆಗಳು ಆಯುಧ ಒಪ್ಪಿಸುತ್ತವೆ, ನೀವು ತೆಗೆದುಕೊಂಡು ಮನೆಗೆ ಬನ್ನಿ ಎಂಬಂತೆ ನಮ್ಮನ್ನು ಕಳಿಸಿದರು. ಆ ಸಂಘಟನೆಗಳಲ್ಲಿ ಹಲವಕ್ಕೆ, ಎಲ್‌ಟಿಟಿಇಗೂ ಸೇರಿ, 1983ರ ನಂತರ ನಮ್ಮ ನೆಲದಲ್ಲೇ ತರಬೇತಿ ಸಿಕ್ಕಿತ್ತು. ಮೊದಲ ವಾರಗಳಲ್ಲಿ ಜಾಫ್ನಾದ ಜನ ನಮ್ಮ ಲಾರಿಗಳಿಗೆ ಹೂವಿನ ಹಾರ ಹಾಕಿದರು. ಎಳನೀರು ಕೊಟ್ಟರು.

ಅಕ್ಟೋಬರ್ ಮೊದಲ ವಾರದಲ್ಲಿ ಶ್ರೀಲಂಕಾ ನೌಕಾಪಡೆ ಎಲ್‌ಟಿಟಿಇಯ 17 ಜನರನ್ನು ಹಿಡಿದು ಪಲಾಲಿ ವಿಮಾನನೆಲೆಗೆ ತಂದಿತು. ಕೊಲಂಬೊಗೆ ಒಯ್ಯುತ್ತಾರೆಂದು ಗೊತ್ತಾದಾಗ ಅವರು ಸೈನೈಡ್ ಕಚ್ಚಿದರು. 12 ಜನ ಸತ್ತರು. ಅಲ್ಲಿಗೆ ಒಪ್ಪಂದವೂ ಸತ್ತಿತು. ಕೆಲವೇ ದಿನಗಳಲ್ಲಿ ಜಾಫ್ನಾವನ್ನು ಬಲದಿಂದ ವಶಕ್ಕೆ ತೆಗೆದುಕೊಳ್ಳುವ ಆದೇಶ ನಮಗೆ ಬಂತು. ಶಾಂತಿ ಕಾಯಲು ಬಂದವರು ಒಂದು ವಾರದೊಳಗೆ ಯುದ್ಧ ಮಾಡುವವರಾದೆವು. ನಡುವೆ ಯಾರೂ ನಿಂತು, ಈಗ ನಮ್ಮ ಗುರಿ ಏನು ಎಂದು ಹೇಳಲಿಲ್ಲ. ಅಕ್ಟೋಬರ್ 11ರ ರಾತ್ರಿ ಜಾಫ್ನಾ ವಿಶ್ವವಿದ್ಯಾಲಯದ ಮೈದಾನದಲ್ಲಿ ಹೆಲಿಕಾಪ್ಟರಿನಿಂದ ಇಳಿದ ಸಿಖ್ ಲೈಟ್ ಇನ್‌ಫೆಂಟ್ರಿಯ ಮೂವತ್ತು ಜನರಲ್ಲಿ ಬದುಕುಳಿದವನು ಒಬ್ಬನೇ. ಜಾಫ್ನಾ ಕೈಗೆ ಬರಲು ಎರಡು ವಾರ ಹಿಡಿಯಿತು. ಅಷ್ಟರಲ್ಲಿ ಎಲ್‌ಟಿಟಿಇ ನಾಯಕ ಪ್ರಭಾಕರನ್ ಮತ್ತು ಅವನ ಮುಖ್ಯ ಪಡೆ ವನ್ನಿಯ ಕಾಡು ಸೇರಿಯಾಗಿತ್ತು.

ನಾನಿದ್ದದ್ದು ಗಾಯಾಳುಗಳನ್ನು ಮೊದಲು ತರುವ ತುರ್ತು ಚಿಕಿತ್ಸಾ ಕೇಂದ್ರದಲ್ಲಿ. ನೆಲಬಾಂಬಿನ ಗಾಯ ಎಂಥದ್ದು ಎಂದು ನಿಮಗೆ ತಿಳಿದಿರಲಿ. ಕಾಲು ತುಂಡಾಗಿ ಹೋಗುವುದಷ್ಟೇ ಅಲ್ಲ; ಮಣ್ಣು, ಬೂಟಿನ ಚರ್ಮ, ಹುಲ್ಲು, ಪ್ಯಾಂಟಿನ ಬಟ್ಟೆ ಎಲ್ಲವೂ ಮಾಂಸದೊಳಗೆ ಮೇಲಿನವರೆಗೆ ಹೊಕ್ಕಿರುತ್ತವೆ. ಮೊದಲ ದಿನ ಪಾದ ಹೋಗಿದೆ ಎಂದುಕೊಂಡವನಿಗೆ ಎರಡು ದಿನಕ್ಕೆ ಮೊಣಕಾಲು, ವಾರಕ್ಕೆ ತೊಡೆ ಹೋದದ್ದುಂಟು. ಹಾಗೆ ಬಂದ ಬೆಳಗಾವಿ ಕಡೆಯ ಒಬ್ಬ ಹುಡುಗ, ಡ್ರಿಪ್ ಹಾಕುತ್ತಿದ್ದಾಗ ನನ್ನ ಕನ್ನಡ ಕೇಳಿ ಕೈ ಹಿಡಿದುಕೊಂಡ. “ಅಣ್ಣಾ, ನಾವು ಇಲ್ಲಿ ಯಾರ ಕೂಡ ಹೊಡದಾಡಾಕ ಬಂದೀವಿ? ಹೋದ ತಿಂಗಳು ಅವರ ಮನ್ಯಾಗ ಚಾ ಕುಡದೀವಿ” ಎಂದ. ಅವನಿಗೆ ಸಾಯುವ ಭಯ ಇರಲಿಲ್ಲ. ಉತ್ತರ ಬೇಕಿತ್ತು. ನನ್ನ ಹತ್ತಿರ ಇರಲಿಲ್ಲ. ನನ್ನ ಮೇಲಿನ ಅಧಿಕಾರಿಗಳ ಹತ್ತಿರವೂ ಇರಲಿಲ್ಲ. ಅವರಿಗೆ ಬಂದ ಆದೇಶದಲ್ಲೇ ಅದು ಇರಲಿಲ್ಲ.

ಇನ್ನೊಂದು ಮುಖವನ್ನೂ ಹೇಳದಿದ್ದರೆ ಈ ಸಾಕ್ಷಿ ಅರ್ಧವಾಗುತ್ತದೆ. ಸುಟ್ಟ ಗಾಯದ ಮಗುವನ್ನು ಎತ್ತಿಕೊಂಡು ಒಬ್ಬ ತಮಿಳು ತಾಯಿ ನಮ್ಮ ಕೇಂದ್ರಕ್ಕೆ ಬಂದಿದ್ದಳು. ಮುಲಾಮು ಹಚ್ಚಿ ಪಟ್ಟಿ ಕಟ್ಟುವವರೆಗೂ ಒಂದು ಮಾತಾಡಲಿಲ್ಲ. ಹೊರಡುವಾಗ, ಆಹಾರದ ಮೂಟೆ ಹಾಕಿದ ವಿಮಾನಕ್ಕೆ ಈ ಮಗುವಿನ ಕೈ ಹಿಡಿದು ಬೀಸಿಸಿದ್ದೆ ಎಂದಳು. ಅಷ್ಟೇ. ಅಕ್ಟೋಬರ್ 21ರಂದು, ದೀಪಾವಳಿಯ ದಿನ, ಜಾಫ್ನಾದ ದೊಡ್ಡಾಸ್ಪತ್ರೆಯಲ್ಲಿ ನಮ್ಮ ಸೈನಿಕರ ಗುಂಡಿಗೆ ರೋಗಿಗಳು, ವೈದ್ಯರು, ದಾದಿಯರು ಸೇರಿ ಅರವತ್ತಕ್ಕೂ ಹೆಚ್ಚು ಜನ ಸತ್ತರು. ಒಳಗಿನಿಂದ ಎಲ್‌ಟಿಟಿಇ ಗುಂಡು ಹಾರಿಸಿತು ಎಂದು ಸೇನೆ ಹೇಳಿತು. ಹಾರಿಸಿರಬಹುದು. ಆದರೆ ಬಿಳಿಕೋಟು ತೊಟ್ಟವರು ಸತ್ತ ಸುದ್ದಿ ನಮ್ಮ ಟೆಂಟಿಗೆ ಬಂದಾಗ, ಅದೇ ಕೆಲಸ ಮಾಡುವ ನಾವು ಒಬ್ಬರ ಮುಖ ಒಬ್ಬರು ನೋಡಲಾಗಲಿಲ್ಲ. ಇಷ್ಟೆಲ್ಲ ಹೇಳುವುದು ನನ್ನ ಸೈನ್ಯವನ್ನು ತೆಗಳುವುದಕ್ಕಲ್ಲ. ಶತ್ರು ಲುಂಗಿ ಉಟ್ಟು ಜನರ ನಡುವೆಯೇ ಇರುವಾಗ, ಗುರಿ ಇಲ್ಲದೆ ಕಳಿಸಿದ ಸೈನ್ಯಕ್ಕೆ ಊರಿಗೆ ಊರೇ ಗುರಿಯಂತೆ ಕಾಣತೊಡಗುತ್ತದೆ. ಆ ಸ್ಥಿತಿಗೆ ಸೈನಿಕನನ್ನು ತಳ್ಳುವವರು ಅವನನ್ನು ಕಳಿಸಿದವರು.

ಮುಂದೆ ಏನಾಯಿತು? ಒಂದು ಹಂತದಲ್ಲಿ ನಮ್ಮ ಪಡೆ ಎಪ್ಪತ್ತು ಸಾವಿರ ದಾಟಿತು. 1989ರಲ್ಲಿ ಅಧಿಕಾರಕ್ಕೆ ಬಂದ ಅಧ್ಯಕ್ಷ ಪ್ರೇಮದಾಸ ನಮ್ಮನ್ನು ಹೊರಡಿ ಎಂದರು. ಅಷ್ಟೇ ಅಲ್ಲ, ನಮ್ಮ ವಿರುದ್ಧ ಹೋರಾಡುತ್ತಿದ್ದ ಎಲ್‌ಟಿಟಿಇಗೇ ಗುಟ್ಟಾಗಿ ಆಯುಧ ಕೊಡಿಸಿದರು. ಯಾವ ಸರ್ಕಾರದ ಒಪ್ಪಿಗೆಯ ಮೇಲೆ ಹೋಗಿದ್ದೆವೋ ಅದೇ ಸರ್ಕಾರ! 1990ರ ಮಾರ್ಚ್ 24ರಂದು ಕೊನೆಯ ತುಕಡಿ ಹಡಗು ಹತ್ತಿತು. ಸುಮಾರು 1,200 ಸೈನಿಕರು ಹಿಂದಿರುಗಲಿಲ್ಲ. 1991ರ ಮೇ 21ರಂದು ಶ್ರೀಪೆರಂಬದೂರಿನಲ್ಲಿ ರಾಜೀವ್ ಗಾಂಧಿಯನ್ನು ಎಲ್‌ಟಿಟಿಇ ಕೊಂದಿತು. ಆ ಸಂಚನ್ನು ನಡೆಸಿದ ಶಿವರಾಸನ್ ಮತ್ತು ಅವನ ಸಂಗಡಿಗರು ಆಗಸ್ಟ್‌ನಲ್ಲಿ ನಮ್ಮ ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ ಹೆಣವಾಗಿ ಸಿಕ್ಕರು. ಪ್ರೇಮದಾಸರನ್ನೂ 1993ರಲ್ಲಿ ಎಲ್‌ಟಿಟಿಇಯೇ ಮುಗಿಸಿತು.

ಇಲ್ಲಿಗೆ ಬಂದಾಗ ಯುವಕರು ನನ್ನನ್ನು ತಡೆದು ಹೇಳುತ್ತಾರೆ: ಕೊನೆಗೆ 2009ರಲ್ಲಿ ಶ್ರೀಲಂಕಾ ಸೇನೆ ಎಲ್‌ಟಿಟಿಇಯನ್ನು ಇಲ್ಲವಾಗಿಸಿತಲ್ಲ, ಬಲ ಸಾಕಷ್ಟು ಬಳಸಿದರೆ ಆಗುತ್ತದೆ. ನಿಮ್ಮಲ್ಲೂ ಕೆಲವರು ಸಭೆಗಳಲ್ಲಿ ಹೀಗೆ ಮಾತಾಡುತ್ತೀರಿ. ಅದು ಸುಳ್ಳಲ್ಲ, ಮುಗಿಸಿದ್ದು ಸೈನ್ಯವೇ. ಆದರೆ ಹೇಗೆ ಆಯಿತು ಎಂದು ನೋಡಬೇಕು. 2004ರಲ್ಲಿ ಎಲ್‌ಟಿಟಿಇಯ ಪೂರ್ವ ಪ್ರಾಂತ್ಯದ ಕಮಾಂಡರ್ ಕರುಣಾ ಸಾವಿರಾರು ಹೋರಾಟಗಾರರೊಂದಿಗೆ ಒಡೆದು ಹೊರಬಂದ. ಒಂದಾದ ಮೇಲೊಂದು ದೇಶ ನಿಷೇಧ ಹೇರಿ ಹಣದ ದಾರಿ ಮುಚ್ಚಿತು. ಆಯುಧ ತರುತ್ತಿದ್ದ ಹಡಗುಗಳನ್ನು ನೌಕಾಪಡೆ ಮುಳುಗಿಸಿತು. ಸುತ್ತ ಸಮುದ್ರ, ಓಡಿ ಹೋಗಲು ಬೇರೆ ದೇಶವಿಲ್ಲ, ಸಮವಸ್ತ್ರ ತೊಟ್ಟು ನೆಲ ಆಳುತ್ತಿದ್ದ ಪಡೆ, ಒಬ್ಬನೇ ನಾಯಕ. ಇಂದು ನಮ್ಮನ್ನು ಕಾಡುವ ಉಗ್ರ ಸಂಘಟನೆಗಳಾದ ಲಷ್ಕರ್, ಜೈಷ್ ಹಾಗಿಲ್ಲ. ಅವುಗಳ ಹಿಂದೆ ಅಣ್ವಸ್ತ್ರ ಇರುವ ಒಂದು ದೇಶದ ಸೇನೆ ನಿಂತಿದೆ.

ತೆತ್ತ ಬೆಲೆಯನ್ನೂ ನೋಡಿ. ಕೊನೆಯ ತಿಂಗಳುಗಳಲ್ಲಿ ಮುಳ್ಳಿವಾಯ್ಕಾಲ್‌ನ ಮರಳುಪಟ್ಟಿಯ ಮೇಲೆ ಲಕ್ಷಾಂತರ ಜನ ಸಿಕ್ಕಿಕೊಂಡಿದ್ದರು. ಎಲ್‌ಟಿಟಿಇ ಅವರನ್ನು ಗುರಾಣಿಯಂತೆ ಹಿಡಿದಿಟ್ಟು, ಓಡಿ ಹೋಗುವವರಿಗೆ ಗುಂಡಿಟ್ಟಿತು. ಗುಂಡು ಹಾರಿಸುವುದಿಲ್ಲ ಎಂದು ಸರ್ಕಾರವೇ ಸಾರಿದ್ದ ವಲಯದ ಮೇಲೆ ಸರ್ಕಾರದ ಶೆಲ್‌ಗಳು ಬಿದ್ದವು. ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರಲ್ಲಿ, ಸತ್ತ ನಾಗರಿಕರು ನಲವತ್ತು ಸಾವಿರದವರೆಗೂ ಇರಬಹುದು ಎಂದಿತು. ಹಾಗೆ ಮಾಡೋಣ ಎಂದು ವೇದಿಕೆಯ ಮೇಲೆ ಹೇಳುವ ಮುನ್ನ, ಒಬ್ಬ ಸಂಸದ ಆ ವರದಿಯನ್ನು ಒಮ್ಮೆ ಓದಬೇಕು ಎಂಬುದು ನನ್ನ ಕಳಕಳಿಯ ವಿನಂತಿ.

ಈಗ ನಮ್ಮ ಕಾಲಕ್ಕೆ ಬರುತ್ತೇನೆ. 2025ರ ಮೇ 7ರ ನಸುಕಿನಲ್ಲಿ ನಮ್ಮ ಪಡೆಗಳು ಗಡಿಯಾಚೆಯ ಒಂಬತ್ತು ನೆಲೆಗಳನ್ನು ಹೊಡೆದವು. ಜೈಷ್‌ನ ಬಹಾವಲ್‌ಪುರ, ಲಷ್ಕರ್‌ನ ಮುರೀದ್‌ಕೆ ಅದರಲ್ಲಿದ್ದವು. ಹೊಡೆದದ್ದು ಉಗ್ರರ ನೆಲೆಗಳನ್ನು ಮಾತ್ರ ಎಂದು ಬೆಳಿಗ್ಗೆಯೇ ದೇಶಕ್ಕೆ ಹೇಳಿದರು. ನನಗೆ ಅದು ಮೆಚ್ಚುಗೆಯಾಯಿತು; 1987ರಲ್ಲಿ ನಮಗೆ ಅಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ. ಮೇ 10ರ ಸಂಜೆ ಐದಕ್ಕೆ ಗುಂಡು ನಿಂತಿತು. ಆದರೆ ನಡುವಿನ ದಿನಗಳಲ್ಲಿ ಪೂಂಛ್ ಪಟ್ಟಣದ ಮೇಲೆ ಪಾಕಿಸ್ತಾನದ ಶೆಲ್‌ಗಳು ಬಿದ್ದು ಮಕ್ಕಳೂ ಸೇರಿ ನಾಗರಿಕರು ಸತ್ತರು. ನಾವು ಹೊಡೆದರೆ ಅವರು ಎಲ್ಲಿ ಹೊಡೆಯುತ್ತಾರೆ ಎಂಬುದು ಗಡಿಯ ಜನಕ್ಕೆ ದಶಕಗಳಿಂದ ಗೊತ್ತು. ಅವರಿಗೆ ಬಂಕರ್ ಸಾಕಷ್ಟಿತ್ತೇ, ಊರು ಬಿಡಲು ಮುನ್ಸೂಚನೆ ಸಿಕ್ಕಿತ್ತೇ ಎಂದು ನಿಮ್ಮಲ್ಲಿ ಯಾರಾದರೂ ಸದನದಲ್ಲಿ ಎದ್ದು ಕೇಳಿ ಎಂದು ಕೋರುತ್ತೇನೆ. ಪೂಂಛ್ ನಿಮ್ಮ ಕ್ಷೇತ್ರವಲ್ಲ, ನಿಜ. ಬೈಸರನ್ ಶಿವಮೊಗ್ಗದ ಕ್ಷೇತ್ರವೂ ಆಗಿರಲಿಲ್ಲ.

ಇನ್ನೊಂದು ಸಂಗತಿ. ಬೈಸರನ್‌ನಲ್ಲಿ ಗುಂಡು ಹಾರಿಸಿದ ಮೂವರು ಸಿಕ್ಕಿದ್ದು ಜುಲೈ 28ರಂದು, ಶ್ರೀನಗರದ ಬಳಿಯ ದಾಚಿಗಾಮ್ ಕಾಡಿನಲ್ಲಿ. ಸೇನೆ, ಸಿಆರ್‌ಪಿಎಫ್, ಜಮ್ಮು ಕಾಶ್ಮೀರ ಪೊಲೀಸರು ಒಟ್ಟಾಗಿ ಅವರನ್ನು ಹೊಡೆದುರುಳಿಸಿದರು. ಅವರೇ ಹಂತಕರು ಎಂದು ಮರುದಿನ ಗೃಹ ಸಚಿವರು ಲೋಕಸಭೆಗೆ ತಿಳಿಸಿದರು. ಮೂರು ತಿಂಗಳು ಸುಳಿವು ಬೆನ್ನಟ್ಟಿದ ಆ ಕೆಲಸ ಕ್ಷಿಪಣಿಯ ವಿಡಿಯೊದಷ್ಟು ಓಡಾಡಲಿಲ್ಲ, ಆದರೆ ಕೊಂದವರನ್ನು ಪತ್ತೆ ಮಾಡಿದ್ದು ಅದೇ. ಅದೇ ವರ್ಷ ನವೆಂಬರ್ 10ರಂದು ದೆಹಲಿಯ ಕೆಂಪುಕೋಟೆಯ ಬಳಿ ಕಾರು ಸ್ಫೋಟಿಸಿ ಹತ್ತಕ್ಕೂ ಹೆಚ್ಚು ಜನ ಸತ್ತರು. ಮೇ ತಿಂಗಳಲ್ಲಿ ನೆಲೆಗಳು ಉರುಳಿದವು. ನವೆಂಬರ್‌ನಲ್ಲಿ ರಾಜಧಾನಿಯಲ್ಲಿ ಜನ ಸತ್ತರು. ಹೊಡೆದದ್ದು ತಪ್ಪಾಯಿತು ಎಂಬುದಕ್ಕೆ ಇದು ಸಾಕ್ಷಿಯಲ್ಲ. ಹೊಡೆದಾಗ ಕೆಲಸ ಮುಗಿಯಲಿಲ್ಲ ಎಂಬುದಕ್ಕೆ ಸಾಕ್ಷಿ. ಉಳಿದದ್ದು ಏನು, ಅದನ್ನು ಮಾಡುವವರು ಯಾರು ಎಂದು ಕೇಳಬೇಕಾದವರು ನೀವು.

ನಮ್ಮ ಸಂವಿಧಾನದಲ್ಲಿ ಸೈನ್ಯ ಕಳಿಸುವ ಮುನ್ನ ಸಂಸತ್ತಿನ ಒಪ್ಪಿಗೆ ಪಡೆಯಬೇಕೆಂಬ ಕಟ್ಟಳೆ ಇಲ್ಲ. ಇರಬೇಕೆಂದು ನಾನು ಹಟ ಮಾಡುವುದೂ ಇಲ್ಲ. ನಡುರಾತ್ರಿಯ ದಾಳಿಯನ್ನು ಹಗಲು ಚರ್ಚಿಸಿ ಮಾಡಲಾಗುವುದಿಲ್ಲ. ಒಪ್ಪಿಗೆಯ ಮುದ್ರೆ ಒತ್ತಿದ ಮಾತ್ರಕ್ಕೆ ಎಲ್ಲ ಸರಿಹೋಗುವುದೂ ಇಲ್ಲ. ಅಮೆರಿಕದ ಸಂಸತ್ತು 2001ರ ಸೆಪ್ಟೆಂಬರ್ 14ರಂದು ಅಧ್ಯಕ್ಷರಿಗೆ ಬಲಪ್ರಯೋಗದ ಅಧಿಕಾರ ಕೊಟ್ಟಿತು. ಆ ನಿರ್ಣಯದಲ್ಲಿ ಒಂದು ಸಂಘಟನೆಯ ಹೆಸರೂ ಇರಲಿಲ್ಲ, ಮುಗಿಯುವ ದಿನವೂ ಇರಲಿಲ್ಲ. ಎರಡೂ ಸದನಗಳಲ್ಲಿ ಬೇಡ ಎಂದವರು ಬಾರ್ಬರಾ ಲೀ ಒಬ್ಬರೇ. ಆ ನಿರ್ಣಯದ ಮೇಲೆ ಅಫ್ಘಾನಿಸ್ತಾನಕ್ಕೆ ಹೋದ ಅವರ ಸೈನ್ಯ ಹೊರಬಂದದ್ದು 2021ರಲ್ಲಿ, ತಾಲಿಬಾನ್ ಕೈಗೆ ಕಾಬೂಲ್ ಮರಳಿ ಹೋದ ಮೇಲೆ.

ನಮ್ಮಲ್ಲೇ ಒಳ್ಳೆಯ ಮಾದರಿಗಳಿವೆ. 1962ರಲ್ಲಿ ಚೀನಾ ಯುದ್ಧ ನಡೆಯುತ್ತಿರುವಾಗಲೇ, ಅಧಿವೇಶನ ಬೇಗ ಕರೆಯಿರಿ ಎಂದು ಕೇಳಿದವರಲ್ಲಿ ಆಗ ರಾಜ್ಯಸಭೆಯ ಕಿರಿಯ ಸದಸ್ಯರಾಗಿದ್ದ ವಾಜಪೇಯಿ ಒಬ್ಬರು. ನೆಹರೂ ಕರೆದರು. ನವೆಂಬರ್ 8ರಿಂದ ಸಂಸತ್ತು ಕೂತು ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತು. ಅದರಿಂದ ಸೈನಿಕನ ಧೈರ್ಯ ಕುಂದಿತು ಎಂದು ಯಾರೂ ಹೇಳಲಿಲ್ಲ. 1999ರಲ್ಲಿ ಕಾರ್ಗಿಲ್ ಕದನ ನಿಂತ ಮೂರೇ ದಿನಕ್ಕೆ ವಾಜಪೇಯಿ ಸರ್ಕಾರ ಕೆ. ಸುಬ್ರಹ್ಮಣ್ಯಂ ಅಧ್ಯಕ್ಷತೆಯಲ್ಲಿ ಪರಿಶೀಲನಾ ಸಮಿತಿ ನೇಮಿಸಿತು. ಗುಟ್ಟಿನ ಭಾಗಗಳನ್ನು ತೆಗೆದು, 2000ರ ಫೆಬ್ರವರಿಯಲ್ಲಿ ವರದಿಯನ್ನು ಸಂಸತ್ತಿನ ಮುಂದಿಟ್ಟಿತು. ಗೆದ್ದ ಯುದ್ಧದಲ್ಲೂ ನಾವು ಎಲ್ಲಿ ಎಡವಿದೆವು ಎಂದು ಅದು ಬರೆಯಿತು. ಗುಪ್ತಚರ ವ್ಯವಸ್ಥೆಯ ಎಷ್ಟೋ ಸುಧಾರಣೆಗೆ ಅದೇ ಬುನಾದಿ. 26/11ರ ನಂತರ ಮಹಾರಾಷ್ಟ್ರ ಪ್ರಧಾನ್ ಸಮಿತಿ ನೇಮಿಸಿತು. ರಾಷ್ಟ್ರಮಟ್ಟದಲ್ಲಿ ಕಾರ್ಗಿಲ್ ಸಮಿತಿಯಂಥದ್ದು ಬರಲಿಲ್ಲ. ಒಳಗೆ ಲೋಹದ ಚೂರು ಉಳಿದಿದೆಯೇ ಎಂದು ನೋಡದೆ ಹೊಲಿಗೆ ಹಾಕಿದ ಗಾಯ ಮೇಲೆ ಒಣಗಿ ಒಳಗೆ ಕೀವಾಗುತ್ತದೆ. ಆ ಕೆಲಸ ಮಾಡಿದವನಾಗಿ ಹೇಳುತ್ತಿದ್ದೇನೆ.

ಹಾಗಾಗಿ ನಿಮ್ಮಲ್ಲಿ ನನ್ನ ಬೇಡಿಕೆ ಹೀಗಿದೆ. ದೊಡ್ಡ ಉಗ್ರ ದಾಳಿ ನಡೆದಾಗ, ಅಥವಾ ಅದಕ್ಕೆ ಉತ್ತರವಾಗಿ ಸೈನ್ಯ ಬಳಸಿದಾಗ, ಸ್ವತಂತ್ರ ಪರಿಶೀಲನಾ ಸಮಿತಿ ನೇಮಿಸಿ ಒಂದು ವರ್ಷದೊಳಗೆ ವರದಿಯನ್ನು ಎರಡೂ ಸದನಗಳ ಮುಂದಿಡುವುದು ಕಡ್ಡಾಯ ಎಂಬ ಖಾಸಗಿ ಸದಸ್ಯರ ಮಸೂದೆಯನ್ನು ನಿಮ್ಮಲ್ಲಿ ಒಬ್ಬರಾದರೂ ಮಂಡಿಸಿ. ಬೇರೆ ಪಕ್ಷದ ಒಬ್ಬರು ಅದನ್ನು ಬೆಂಬಲಿಸಿ ಮಾತಾಡಿ. ಖಾಸಗಿ ಮಸೂದೆಗಳು ಪಾಸಾಗುವುದು ಅಪರೂಪವೆಂದು ನನಗೂ ಗೊತ್ತು. ಮಂಡನೆಯಾದರೆ ಕಡತದಲ್ಲಿ ಉಳಿಯುತ್ತದೆ. ರಕ್ಷಣಾ ಸ್ಥಾಯಿ ಸಮಿತಿಯಲ್ಲಿ ನಿಮ್ಮವರು ಇದ್ದರೆ, ಬಾಗಿಲು ಮುಚ್ಚಿಕೊಂಡೇ ಆಗಲಿ, ಕಾರ್ಯಾಚರಣೆಯ ಗುರಿಯನ್ನು ಬರಹದಲ್ಲಿ ಕೇಳಿ. ಗುಟ್ಟು ಗುಟ್ಟಾಗಿಯೇ ಇರಲಿ. ನನಗೆ ತಿಳಿಯಬೇಕಿಲ್ಲ, ನಿಮಗೆ ತಿಳಿದಿರಬೇಕು.

ಇನ್ನೆರಡು ಮಾತುಗಳಿಗೆ ಮಸೂದೆಯೂ ಬೇಕಿಲ್ಲ. ಮೊದಲನೆಯದು, ಸೈನಿಕರ ಚಿತ್ರವನ್ನು ನಿಮ್ಮ ಚುನಾವಣಾ ಫ್ಲೆಕ್ಸ್‌ಗಳಿಂದ ದೂರವಿಡಿ. ಸತ್ತವನ ಮನೆಗೆ ಹೋಗುವಾಗ ಕ್ಯಾಮೆರಾ ಬಿಟ್ಟು ಹೋಗಿ, ಆರು ತಿಂಗಳ ನಂತರ ಮತ್ತೊಮ್ಮೆ ಹೋಗಿ. ಪಿಂಚಣಿ ಕಾಗದ ಎಲ್ಲಿ ನಿಂತಿದೆ ಎಂದು ವಿಚಾರಿಸಿ. ಕಾಲು ಕಳೆದುಕೊಂಡವನ ಮನೆಗೂ ಹೋಗಿ. ಅವನ ಫೋಟೋಗೆ ಹಾರ ಬೀಳುವುದಿಲ್ಲವಾದ್ದರಿಂದ ಊರು ಅವನನ್ನು ಬೇಗ ಮರೆಯುತ್ತದೆ.

ಎರಡನೆಯದು, ಎಲ್ಲೋ ಗುಂಡು ಹಾರಿದ ಮರುದಿನ ನಮ್ಮ ಊರುಗಳಲ್ಲಿ ಓದುವ ಕಾಶ್ಮೀರಿ ಹುಡುಗರ ಮೇಲೆ, ಪಕ್ಕದ ಬೀದಿಯ ಮುಸಲ್ಮಾನರ ಮೇಲೆ ಮಾತು ತಿರುಗುತ್ತದೆ. ಆ ದಿನ ನಿಮ್ಮ ಕ್ಷೇತ್ರದ ಕಾಲೇಜಿಗೆ ನೀವೇ ಹೋಗಿ ಅವರ ಪಕ್ಕ ನಿಲ್ಲಬೇಕು. ಬೈಸರನ್‌ನಲ್ಲಿ ಪ್ರವಾಸಿಗರನ್ನು ಹೆಗಲ ಮೇಲೆ ಹೊತ್ತು ಕೆಳಗೆ ತಂದವರು ಕಾಶ್ಮೀರಿಗಳು. ದೇಶವನ್ನು ಒಡೆಯಲೆಂದೇ ಗುಂಡು ಹಾರಿಸಿದವನ ಕೆಲಸವನ್ನು ಇಲ್ಲಿ ನಾವು ಪೂರ್ತಿ ಮಾಡಿಕೊಡಬಾರದು.

ಮಸೂದೆ ಬರೆಯುವವರು ಯಾರೇ ಆಗಲಿ, ಗಾಯಾಳುಗಳನ್ನು ಸಾಗಿಸುವ ವ್ಯವಸ್ಥೆಯ ಬಗ್ಗೆ, ಅಂಗವಿಕಲ ಸೈನಿಕರ ಪಿಂಚಣಿಯ ಬಗ್ಗೆ ನನಗೆ ತಿಳಿದದ್ದನ್ನು ಬರೆದು ಕೊಡಲು ಸಿದ್ಧನಿದ್ದೇನೆ. ಶ್ರೀಲಂಕಾದಲ್ಲಿ ಸೇವೆ ಮಾಡಿದ ಇನ್ನೂ ಅನೇಕರು ಹಾಸನ, ಕೊಡಗು, ಬೆಳಗಾವಿ ಜಿಲ್ಲೆಗಳಲ್ಲಿದ್ದಾರೆ. ಕರೆದರೆ ಅವರನ್ನೂ ಕರೆತರುತ್ತೇನೆ. ಅಧಿವೇಶನ ಇಲ್ಲದ ಯಾವ ವಾರವಾದರೂ ಸರಿ, ನಿಮ್ಮ ಕಚೇರಿಗೆ ನಾವೇ ಬರುತ್ತೇವೆ.



ಇತಿ ತಮ್ಮ ವಿಶ್ವಾಸಿ,
ಸೇನಾ ವೈದ್ಯಕೀಯ ದಳದ ನಿವೃತ್ತ ಹವಾಲ್ದಾರ್,
ಅರಕಲಗೂಡು ತಾಲ್ಲೂಕು, ಹಾಸನ ಜಿಲ್ಲೆ